ಬಾದನಹಟ್ಟಿಯ ಪಂಪು, ಹೆಬ್ಬೆರಳಷ್ಟು ಕನ್ವರ್ಟರ್

೧೯೯೮ರಲ್ಲಿ ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬಳ್ಳಾರಿಯ ಕಂಟೋನ್ಮೆಂಟ್ ಕಡೆ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಆರು ವರ್ಷ ದುಡಿದು, ಕುರುಗೋಡಿನಲ್ಲಿ ಸ್ವಂತ ಅಂಗಡಿ ಹಾಕಿದೆ. ನಾನು ಸುತ್ತಿದ ಮೋಟರ್ ಅದೇ ಹಂಗಾಮಿನಲ್ಲಿ ಸುಟ್ಟು ವಾಪಸ್ ಬಂತು ಎನ್ನುವವರು ಈ ಸೀಮೆಯಲ್ಲಿ ಇಲ್ಲ.

ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿದದ್ದು ಆಮೇಲೆ, ಮೊಬೈಲಿನಲ್ಲಿ ತೆಲುಗು ವಿಡಿಯೋ ನೋಡಿ. ಕಾಲುವೆ ನೀರು ನಿಂತರೆ ಪಂಪನ್ನು ತಾನೇ ಬಂದ್ ಮಾಡುವ ಪೆಟ್ಟಿಗೆಯೊಂದನ್ನು ಕಟ್ಟಿದೆ. ಅದರೊಳಗಿನ ಚಿಪ್ಪಿಗೆ ಕಂಪ್ಯೂಟರಿನಿಂದ ಪ್ರೋಗ್ರಾಮ್ ತುಂಬಬೇಕು. ಅದಕ್ಕೆ ನಡುವೆ ಯುಎಸ್‌ಬಿ ಕನ್ವರ್ಟರ್ ಬೇಕು. ಹೆಬ್ಬೆರಳಷ್ಟು ಬೋರ್ಡು, ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿಯ ಪಿನ್ನುಗಳಿಂದ ವೈರು ನನ್ನ ಚಿಪ್ಪಿಗೆ.

ಮೊದಲ ಪೆಟ್ಟಿಗೆ ಕೇಳಿದವರು ಬಾದನಹಟ್ಟಿಯ ಹಿರಿಯ ರೈತರೊಬ್ಬರು. ನನ್ನ ಮಾತು ನಂಬಿ, ಪಂಪು ಚಾಲೂ ಮಾಡುವ ಹಳೆಯ ಸ್ಟಾರ್ಟರನ್ನೇ ಬಿಚ್ಚಿ ಕೊಟ್ಟಿದ್ದರು. ಭತ್ತದ ಸಸಿ ಮಡಿ ಹಾಕಿಯಾಗಿತ್ತು. ಎರಡು ದಿನದೊಳಗೆ ಪಂಪು ಓಡದಿದ್ದರೆ ಸಸಿ ಒಣಗುವುದೇ.

ಪ್ರೋಗ್ರಾಮ್ ಏರಲಿಲ್ಲ. ಕಂಪ್ಯೂಟರಿಗೆ ಕನ್ವರ್ಟರ್ ಕಾಣುತ್ತಿತ್ತು, ಚಿಪ್ಪು ಮಾತ್ರ ಜವಾಬು ಕೊಡಲಿಲ್ಲ. ಡ್ರೈವರ್ ಮತ್ತೆ ಹಾಕಿದೆ, ಕೇಬಲ್ ಬದಲಿಸಿದೆ. ಒಂದು ದಿನ ಹೀಗೇ ಹೋಯಿತು. ರೈತರ ಫೋನ್ ಬಂದಾಗ, ಕನ್ವರ್ಟರ್ ಡೂಪ್ಲಿಕೇಟ್ ಬಂದಿದೆ ಮಾವ, ಬದಲಿಸಿಕೊಂಡು ಬರುತ್ತೇನೆ ಎಂದೆ. ಅವರು ಜಗಳ ಆಡಲಿಲ್ಲ.

"ನಾಳಿ ಸಂಜಿಗೆ ಮಡಿ ಬಿರಕು ಬಿಡ್ತೈತಿ ತಮ್ಮಾ," ಎಂದಷ್ಟೇ ಹೇಳಿ ಇಟ್ಟರು.

ಬೆಳಿಗ್ಗೆ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದೆ. ಕನ್ವರ್ಟರ್ ಕೊಟ್ಟಿದ್ದ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಕೆಟ್ಟ ಮಾಲು ಕೊಟ್ಟಿದ್ದೀರಿ ಎಂದು ದನಿ ಏರಿಸಿದೆ. ಆಕೆ ಅದನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ, ಅದರದೇ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಒಂದಕ್ಕೊಂದು ಜೋಡಿಸಿ ಏನೋ ಟೈಪ್ ಮಾಡಿದಳು. ಟೈಪ್ ಮಾಡಿದ್ದೆಲ್ಲ ಪರದೆಗೆ ವಾಪಸ್ ಬಂತು.

"ಸರಿ ಐತಲ್ಲ ಅಣ್ಣಾ. ನೀವು ಹೆಂಗ ಜೋಡಿಸಿದ್ರಿ?"

ಗಿರಾಕಿಗಳು ನಾಲ್ಕು ಜನ ನಿಂತಿದ್ದರು. ಇನ್ನೊಂದು ಕೊಂಡು ಸುಮ್ಮನೆ ಹೊರಟುಬಿಡಬಹುದಿತ್ತು. ಆದರೆ ಮಡಿಗೆ ಉಳಿದದ್ದು ಸಂಜೆಯ ತನಕ. ಪಿನ್ನುಗಳ ಪಕ್ಕ ಬರೆದಿದ್ದ ಹಾಗೇ, ಟಿಎಕ್ಸ್‌ಗೆ ಟಿಎಕ್ಸ್, ಆರ್‌ಎಕ್ಸ್‌ಗೆ ಆರ್‌ಎಕ್ಸ್ ಎಂದು ಹೇಳಿದೆ. ಮೋಟರ್ ಕೆಲಸದವನ ಕೈ ಅದು. ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಮೋಟರಿನಲ್ಲಿ ಎರಡು ವೈರು ಅದಲುಬದಲಾದರೆ ಪಂಪು ಹಿಂದಕ್ಕೆ ತಿರುಗುತ್ತದೆ. ಆ ತಪ್ಪಿಗೆ ಎಷ್ಟೋ ಜನರನ್ನು ನಾನೇ ಬೈದಿದ್ದೇನೆ.

"ಟಿಎಕ್ಸ್ ಅಂದ್ರ ಬಾಯಿ, ಆರ್‌ಎಕ್ಸ್ ಅಂದ್ರ ಕಿವಿ. ನೀವು ಬಾಯಿಗೆ ಬಾಯಿ ಕಟ್ಟೀರಿ. ಇಬ್ರೂ ಮಾತಾಡಿದ್ರ ಕೇಳೋರು ಯಾರು?"

"ನಮ್ಮ ಮನಿ ಹಂಗ," ಎಂದ ಒಬ್ಬ ಗಿರಾಕಿ. ಎಲ್ಲರೂ ನಕ್ಕರು, ನಾನು ನಗಲಿಲ್ಲ.

ಕುರುಗೋಡಿಗೆ ಬಂದು ಎರಡು ವೈರು ಅಡ್ಡ ಬದಲಿಸಿದೆ. ಮೊದಲ ಸಲಕ್ಕೇ ಪ್ರೋಗ್ರಾಮ್ ಏರಿತು. ನಾಲ್ಕು ಗಂಟೆಗೆ ಬಾದನಹಟ್ಟಿಯಲ್ಲಿ ಪೆಟ್ಟಿಗೆ ಕೂರಿಸಿದೆ, ಮಡಿಗೆ ನೀರು ಹತ್ತಿತು. ಬದುವಿನ ಮೇಲೆ ನಿಂತು, ಕನ್ವರ್ಟರ್ ಸರಿಯೇ ಇತ್ತು, ತಪ್ಪು ನನ್ನದು ಎಂದು ಹೇಳಿದೆ.

"ಗೊತ್ತಿತ್ತು ಬಿಡು," ಎಂದರು ಅವರು. "ಡೂಪ್ಲಿಕೇಟ್ ಅನ್ನೋವಾಗ ನಿನ್ನ ದನಿ ಸಣ್ಣಗಾಗಿತ್ತು. ಹಚ್ಚೊಳ್ಳಿ ಊರಾಗ ನಮ್ಮ ಬೀಗರಿಗೂ ಒಂದು ಮಾಡಿಕೊಡು."

ಈಗ ನನ್ನ ಹತ್ತಿರ ಅಂಗಡಿ ಒಂದು, ಹಳೆಯ ಲ್ಯಾಪ್‌ಟಾಪ್ ಒಂದು, ಕನ್ವರ್ಟರ್ ಮೂರು. ಕುರುಗೋಡು, ಸಿರುಗುಪ್ಪ ಎರಡೂ ತಾಲ್ಲೂಕು ಸೇರಿ ಓಡುತ್ತಿರುವ ಪೆಟ್ಟಿಗೆ ಹದಿನೇಳು.