ಕಾಲರಕ್ಕನ ಖಾಲಿ ಕಂಬಿ

ಅಂಗಿಗೆ ಕಾಲರ್ ಹೊಲಿಯುವುದು ಅವಳ ಕೆಲಸ. ಹಾಗಾಗಿ ಆ ಗಾರ್ಮೆಂಟ್ಸಿನಲ್ಲಿ ಅವಳು ಎಲ್ಲರಿಗೂ ಕಾಲರಕ್ಕ. ಕಾಲರಿನ ಮೂಲೆ ಸೊಟ್ಟಗಾದರೆ ಅಂಗಿ ತೊಟ್ಟವನ ಮುಖವೂ ಸೊಟ್ಟಗೇ ಕಾಣುತ್ತದೆ ಎನ್ನುತ್ತಿದ್ದಳು. ಮಾತು ಒರಟು, ಹೊಲಿಗೆ ನಯ.

ಮುಟ್ಟಿನ ವಿಷಯ ಎತ್ತಿದರೆ ಮುಖ ತಿರುಗಿಸುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಆ ಶೆಡ್ಡಿನಲ್ಲಿ ಹೆಂಗಸರು ಕಕ್ಕಸಿಗೆ ಹೋಗಬೇಕಾದರೂ ಮೇಸ್ತ್ರಿಯ ಹತ್ತಿರ ಕೈಚಾಚಿ ಟೋಕನ್ ಕೇಳಬೇಕಿತ್ತು. ಕೂರುವ ಸ್ಟೂಲಿಗೆ ಬೆನ್ನು ಆನಿಸುವ ಹಲಗೆಯಿಲ್ಲ. ಹೊಟ್ಟೆ ಹಿಂಡುತ್ತಿದ್ದರೂ, ಉಟ್ಟ ಬಟ್ಟೆ ನೆನೆದರೂ ಏಳುವಂತಿಲ್ಲ. ಅಷ್ಟರಲ್ಲಿ ಹೊಲಿಯಬೇಕಾದ ಬಟ್ಟೆಯ ಮುಂದಿನ ಕಟ್ಟು ಬಂದು ಮಡಿಲಿಗೆ ಬಿದ್ದಿರುತ್ತದೆ. ಆ ಟೋಕನ್ ಕಿತ್ತೊಗೆಸಲು ಗೇಟಿನ ಮುಂದೆ ಬಿಸಿಲಲ್ಲಿ ಕೂತಾಗ ಕಾಲರಕ್ಕನ ಪಕ್ಕದಲ್ಲಿ ಕೂತು ಘೋಷಣೆ ಕೂಗಿದವಳು ಅವಳ ಜೀವದ ಗೆಳತಿ. ಮಷೀನುಗಳ ಸದ್ದನ್ನೂ ಮೀರಿ ಕೇಳುವ ಗಂಟಲು ಅವಳದು. ಹೊರಗಿನಿಂದ ಬೆಂಬಲಕ್ಕೆ ಹೋಗಿದ್ದ ನಾವು ಅವಳನ್ನು ಕಹಳೆ ಎಂದು ಕರೆದೆವು, ಅದೇ ನಿಂತಿತು.

ಟೋಕನ್ ಹೋಯಿತು. ಕಟ್ಟುಗಳು ಹೋಗಲಿಲ್ಲ. ಆಗ ಇಬ್ಬರೂ ಸೇರಿ ಒಂದು ಉಪಾಯ ಹುಡುಕಿದರು. ಪ್ರತಿ ಮಷೀನಿನ ಮೇಲೂ ದಾರದುಂಡೆ ನಿಲ್ಲಿಸುವ ಕಂಬಿಯೊಂದಿರುತ್ತದೆ. ಮುಟ್ಟಾದವಳು ಆ ಕಂಬಿಗೆ ಬಟ್ಟೆಯ ಒಂದು ಚಿಂದಿ ಕಟ್ಟಬೇಕು. ಅಕ್ಕಪಕ್ಕದವರು ಬಾಯಿಬಿಡದೆ ಅವಳ ಕಟ್ಟುಗಳಲ್ಲಿ ಒಂದಷ್ಟನ್ನು ತಮ್ಮ ಕಡೆಗೆ ಎಳೆದುಕೊಳ್ಳಬೇಕು. ಅಷ್ಟೇ.

ಮಷೀನು ರಿಪೇರಿಯವನು ಒಂದು ದಿನ ತಲೆ ಕೆರೆದುಕೊಂಡು ಕೇಳಿದ, "ಈ ಚಿಂದಿ ಯಾಕಕ್ಕ?"

"ಸೂಜಿಗೆ ದೃಷ್ಟಿ ಆಗ್ಬಾರ್ದು ಅಂತ," ಎಂದಳು ಕಾಲರಕ್ಕ. ಪುಣ್ಯಾತ್ಮ ನಂಬಿದ. ಅಷ್ಟೇ ಅಲ್ಲ, ತನ್ನ ಸ್ಪ್ಯಾನರಿಗೂ ಒಂದು ಕಟ್ಟಿಕೊಂಡ.

ಲೈನಿನಲ್ಲಿ "ಇವತ್ತು ನಂದು ಚಿಂದಿ" ಎಂದರೆ ಸಾಕಾಗುತ್ತಿತ್ತು. ಕಾಲಕ್ರಮದಲ್ಲಿ ಯಾರದು ಯಾವಾಗ, ಯಾರದು ಬೇಗ ಬಿಚ್ಚುತ್ತದೆ, ಯಾರದು ಬಿಚ್ಚುವುದೇ ಇಲ್ಲ ಎನ್ನುವುದೆಲ್ಲ ಎಲ್ಲರಿಗೂ ಬಾಯಿಪಾಠವಾಯಿತು. ಪಕ್ಕದ ಮಷೀನಿನಲ್ಲಿ ತೋಳು ಕೂಡಿಸುವ ಹೆಂಗಸಿನ ಚಿಂದಿ ವಾರ ಕಳೆದರೂ ಕಂಬಿಯಲ್ಲೇ ಇದ್ದುದನ್ನು ಕಂಡು ಕಾಲರಕ್ಕ ಅವಳ ರಟ್ಟೆ ಹಿಡಿದು ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು. ಗರ್ಭಕೋಶದಲ್ಲಿ ಗಡ್ಡೆ ಸಿಕ್ಕಿತು. ಗಂಡನಿಗೂ ಕಾಣದ್ದು ಚಿಂದಿಗೆ ಕಂಡಿತ್ತು.

ಗಡ್ಡೆಯ ಸುದ್ದಿ ಹೇಗೋ ಆಫೀಸು ಮುಟ್ಟಿತು. ಕಂಪನಿಗೆ ಇದ್ದಕ್ಕಿದ್ದಂತೆ ಹೆಂಗಸರ ಮೇಲೆ ಕರುಣೆ ಹುಟ್ಟಿತು. ಒಂದು ಕೋಣೆಗೆ ಸುಣ್ಣ ಹೊಡೆಸಿದರು, ಮಂಚ ಹಾಕಿಸಿದರು, ಬಿಸಿನೀರಿನ ಚೀಲ ತಂದಿಟ್ಟರು. ನೋಡಿಕೊಳ್ಳಲು ಕಹಳೆಯನ್ನೇ ಮಷೀನಿನಿಂದ ಎಬ್ಬಿಸಿ ಯೋಗಕ್ಷೇಮದ ಮೇಡಂ ಮಾಡಿದರು. ಅನುಮಾನಪಟ್ಟವರಿಗೆ ಕಾಲರಕ್ಕನೇ ಬೈದಳು: "ಅವಳು ನಮ್ಮವಳು ಕಣ್ರೇ. ಬಿಸಿಲಲ್ಲಿ ನಮ್ಮ ಜೊತೆ ಬೆಂದವಳು."

ಆಮೇಲೆ ಕಾಲರಕ್ಕನಿಗೇ ತಿಂಗಳು ತಪ್ಪಿತು. ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಇದು. ಸಂತೋಷವೂ ಆಯಿತು, ಭಯವೂ ಆಯಿತು. ಯಾಕೆಂದರೆ ಅವಳಿನ್ನೂ ಕರಾರಿನ ಮೇಲಿದ್ದವಳು. ಕಾಯಂ ಆಗುವವರ ಸಾಲಿನಲ್ಲಿ ಅವಳ ಸರದಿ ಬಂದು ನಿಂತಿತ್ತು. ಕಾಯಂ ಆದವಳಿಗೆ ಹೆರಿಗೆ ರಜೆ ಕೊಡಲೇಬೇಕು. ಕರಾರಿನವಳು ಬಸುರಿ ಎಂದು ಗೊತ್ತಾದರೆ ಸುಮ್ಮನೆ ಕರಾರು ಮುಗಿಸಿ ಮನೆಗೆ ಕಳಿಸುತ್ತಿದ್ದರು.

ಗಂಡ ಗೋದಾಮಿನಲ್ಲಿ ಮೂಟೆ ಹೊರುವವನು. "ಕಾಯಂ ಆರ್ಡರ್ ಕೈಗೆ ಬರೋತನಕ ಬಾಯಿಗೂ ಒಂದು ಹೊಲಿಗೆ ಹಾಕ್ಕೊಳೇ," ಎಂದ.

ಬಾಯಿ ಮುಚ್ಚಿಕೊಂಡಳು. ಚಿಂದಿ ಕಾಣದ ಕಂಬಿಯನ್ನು ಏನು ಮಾಡುವುದು?

ತೋಳಿನವಳು ಗಮನಿಸಿ ಪಿಸುಗುಟ್ಟಿದಳು: "ಅಕ್ಕ, ಸುಮ್ನೆ ಹೆಸರಿಗೊಂದು ಚಿಂದಿ ಕಟ್ಟು. ಯಾರಪ್ಪನ ಗಂಟು ಹೋಗುತ್ತೆ?"

"ಸುಳ್ಳೇ ಕಟ್ಟಿದ್ರೆ ನನ್ನ ಕಟ್ಟು ನಿನ್ನ ತಲೆ ಮೇಲೆ ಬೀಳುತ್ತಲ್ಲೇ."

"ಬೀಳ್ಲಿ ಬಿಡು."

"ನಿಜವಾಗ್ಲೂ ನೋವಿರೋರಿಗೆ ಅಂತ ಮಾಡಿದ್ದು. ಅದ್ರಲ್ಲಿ ನಾನೇ ಮೋಸ ಮಾಡ್ಲಾ? ಹೋಗೆಲೇ."

ಕಂಬಿ ಖಾಲಿ ಉಳಿಯಿತು. ಒಂದು ಮಧ್ಯಾಹ್ನ ಕಹಳೆ ಎರಡು ಲೋಟ ಚಹಾ ಹಿಡಿದು ಬಂದಳು. ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, "ಏನಕ್ಕ, ನನ್ನತ್ರಾನೂ ಮುಚ್ಚಿಡ್ತೀಯಾ? ಕಣ್ಣು ನೋಡಿದ್ರೇ ಗೊತ್ತಾಗಲ್ವಾ?" ಎಂದಳು.

ಕಾಲರಕ್ಕ ನಕ್ಕುಬಿಟ್ಟಳು. "ಹೂಂ ಕಣೇ. ಮುದಿಗಾಲಕ್ಕೆ ಮತ್ತೊಂದು. ಆರ್ಡರ್ ಬರ್ಲಿ, ಆಮೇಲೆ ಎಲ್ರಿಗೂ ನೀನೇ ಕೂಗಿ ಹೇಳುವಂತೆ."

ಕಹಳೆ ಅವಳ ಹೊಟ್ಟೆ ಮುಟ್ಟಿ, ಹುಷಾರು ಎಂದು ಹೇಳಿ ಹೋದಳು.

ಆ ವಾರ ಕಳೆಯುವುದರೊಳಗೆ ಗೇಟಿನ ಕಾವಲಿನವನು ಕಾಲರಕ್ಕನನ್ನು ತಡೆದ. "ಒಳಗೆ ಬಿಡ್ಬೇಡ ಅಂದವ್ರೆ ಅಕ್ಕ. ಕರಾರು ಮುಗೀತಂತೆ." ಅವನ ಕೈ ತಳ್ಳಿ ನೇರ ಆ ಸುಣ್ಣದ ಕೋಣೆಗೆ ನುಗ್ಗಿದಳು.

"ಯಾರಿಗೆ ಹೇಳ್ದೆ?"

"ಕೂತ್ಕೋ ಅಕ್ಕ. ಮೊದ್ಲು ನೀರು ಕುಡಿ."

"ನೀರು ನಿನ್ನ ಆಫೀಸಿನೋರಿಗೆ ಕುಡಿಸು. ಯಾರಿಗೆ ಹೇಳ್ದೆ?"

ಕಹಳೆ ಮಂಚದ ಹೊದಿಕೆಯನ್ನು ಎಳೆದೆಳೆದು ನೀಟು ಮಾಡಿದಳು. "ಮ್ಯಾನೇಜರೇ ಕೇಳಿದ್ರು. ಕಾಯಂ ಆಗೋರಲ್ಲಿ ಯಾರ ಕಂಬಿ ಖಾಲಿ ಇದೆ ಅಂತ. ನಾನು ಹೇಳ್ದೆ ಇದ್ರೂ ಅವ್ರಿಗೆ ಗೊತ್ತಾಗ್ತಿತ್ತು."

"ಕಂಬಿ ಖಾಲಿ ಇದ್ರೆ ಏನರ್ಥ ಅಂತ ಆ ಗಂಡಸಿಗೆ ಕಲಿಸ್ದೋರು ಯಾರೇ?"

ಕಹಳೆ ಮೆಲ್ಲಗೆ, "ನಂಗೂ ಮನೆ ಮಠ ಇದೆ ಅಕ್ಕ," ಎಂದಳು.

"ನಂಗಿರೋದೇನು ಹುತ್ತಾನಾ?"

ಕೂಗಾಟ ಕೇಳಿ ತೋಳಿನವಳು ಮಷೀನು ಆಫ್ ಮಾಡಿದಳು. ಅವಳನ್ನು ನೋಡಿ ಇನ್ನೊಬ್ಬಳು. ಲೈನಿಗೆ ಲೈನೇ ಬಂದು ಮ್ಯಾನೇಜರನ ಬಾಗಿಲಿಗೆ ಅಡ್ಡ ಕೂತಿತು. ನಾವು ಹೊರಗಿನವರೂ ಗೇಟಿಗೆ ಹೋದೆವು. ಅರ್ಜೆಂಟ್ ಮಾಲು ಕಳಿಸಬೇಕಾದ ಹೊತ್ತು. ಮ್ಯಾನೇಜರ್ ಬೆವರಿದ, ಬಗ್ಗಿದ, ಕರಾರು ಮುಂದುವರಿಸಿದ. ಕಾಯಂ ಮಾತ್ರ ಮಾಡಲಿಲ್ಲ. ಕಾಲರ್ ಮಷೀನು ಕಿತ್ತುಕೊಂಡು ದಾರದ ಕೊನೆ ಕತ್ತರಿಸುವ ಮೂಲೆಗೆ ಕೂರಿಸಿದ. ಹೆರಿಗೆಗೆ ಹೋದ ಮೇಲೆ ಮತ್ತೆ ಕರೆಯುತ್ತಾನೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಇದನ್ನು ಗೆಲುವು ಎಂದು ಭಾಷಣದಲ್ಲಿ ಹೇಳುವವರು ಹೇಳಿಕೊಳ್ಳಲಿ, ನಾನು ಹೇಳಲಾರೆ.

ಯಾರೂ ಯಾರಿಗೂ ಹೇಳದೆಯೇ ಕಂಬಿಗಳಿಂದ ಚಿಂದಿಗಳೆಲ್ಲ ಮಾಯವಾದವು. ಸುಣ್ಣದ ಕೋಣೆಯ ಮಂಚದ ಮೇಲೆ ಮಲಗುವವರಿಲ್ಲ. ಕಹಳೆ ಬಿಸಿನೀರಿನ ಚೀಲ ಹಿಡಿದು ಸಾಲಿನುದ್ದಕ್ಕೂ ಓಡಾಡುತ್ತಾಳೆ. ಅವಳು ಹತ್ತಿರ ಬಂದಾಗ ಸೊಂಟ ಹಿಡಿದುಕೊಂಡವರೂ ನೆಟ್ಟಗೆ ಕೂರುತ್ತಾರೆ. "ಏನಿಲ್ಲ ಮೇಡಂ, ಚೆನ್ನಾಗಿದ್ದೀವಿ."

ಮೊನ್ನೆ ತೋಳಿನವಳ ಮುಖ ಬಿಳಿಚಿಕೊಂಡಿತ್ತು. ತುಟಿ ಕಚ್ಚಿ ಹೊಲಿಯುತ್ತಿದ್ದಳು. ಕಾಲರಕ್ಕ ತನ್ನ ಮೂಲೆಯಿಂದ ಎದ್ದು, ಬಸುರಿನ ಹೊಟ್ಟೆ ಹೊತ್ತು ಬಂದು, ಅವಳ ಕಟ್ಟಿಗೆ ಕೈ ಹಾಕಿದಳು. ತೋಳಿನವಳು ಎರಡೂ ಕೈಯಲ್ಲಿ ಅದನ್ನು ಎದೆಗೆ ಅವುಚಿಕೊಂಡು ಹಿಂದಕ್ಕೆ ಸರಿದಳು.

"ಬಿಡಕ್ಕ, ಯಾರಾದ್ರೂ ನೋಡ್ತಾರೆ," ಎಂದಳು. "ನಂಗೇನೂ ಆಗಿಲ್ಲ."