ದರ್ಜಿಯ ಗೋಡೆಯ ಮೇಲಿನ ನೀಲಿ ಅಂಗಿ

ಸವಣೂರಿನ ನಮ್ಮ ದರ್ಜಿ ಕಾಕಾನ ಅಂಗಡಿಯಲ್ಲಿ, ಹೊಲಿಗೆ ಮಷಿನ್ನಿನ ಮೇಲುಗಡೆ, ಗಾಜು ಹಾಕಿಸಿದ ಒಂದು ವಿಲಾಯತಿ ಚಿತ್ರವಿತ್ತು. ಅರಮನೆಗೆ ಹೊಲಿಯುತ್ತಿದ್ದ ಅವರ ಅಜ್ಜನಿಗೆ ಹೊಸ ನಮೂನೆ ತೋರಿಸಲೆಂದು ಯಾರೋ ಕೊಟ್ಟದ್ದಂತೆ. ನೆಲ ಮುಟ್ಟುವ ನೀಲಿ ಅಂಗಿ ತೊಟ್ಟ ಇಬ್ಬರು ಹೆಂಗಸರು. ಒಬ್ಬಳ ಮುಖ ನಮ್ಮ ಕಡೆ, ಇನ್ನೊಬ್ಬಳ ಬೆನ್ನು.

ಚಿಕ್ಕವರಿದ್ದಾಗ ಅಕ್ಕ, ನಾನು ಅದರ ಕೆಳಗೆ ನಿಂತು ಜಗಳವಾಡುತ್ತಿದ್ದೆವು.

"ಬೆನ್ನು ತಿರುವಿದಾಕಿ ನೀನು. ಸಿಟ್ಟು ಬಂದ್ರ ಹಿಂಗ ನಿಲ್ತಿ," ಎನ್ನುತ್ತಿದ್ದಳು ಅಕ್ಕ.

"ಮುಂದಿನಾಕಿ ನೀನಂತೂ ಅಲ್ಲ ಬಿಡು. ಅಷ್ಟ ಸಣ್ಣ ನಡಾ ಎಲ್ಲೈತಿ ನಿನಗ, ಉಂಡಿ ಡಬ್ಬಿ ಖಾಲಿ ಮಾಡಾಕಿ!"

ಹೆಂಗಸರ ಮೈಗೆ ಟೇಪು ಹಿಡಿಯುವ ರೂಢಿ ಆಗ ಇರಲಿಲ್ಲ. ಹಳೆಯ ಕುಬಸವೊಂದನ್ನು ಅಳತೆಗೆ ಕೊಡಬೇಕು. ಬೆಳೆದ ಮೇಲೆ ನಮ್ಮಿಬ್ಬರ ಅಳತೆ ಒಂದೇ ಆಯಿತು. ಅವ್ವ ನನ್ನದನ್ನೇ ಕಳಿಸಿ ಇಬ್ಬರಿಗೂ ಹೊಲಿಸುತ್ತಿದ್ದಳು.

ಅಕ್ಕ ಮದುವೆಯಾಗಿ ಹಿರೇಕೆರೂರಿಗೆ ಹೋದಳು. ನಾನು ಧಾರವಾಡಕ್ಕೆ ಓದಲು ಹೋದೆ. ಮೂರು ವರ್ಷವಾದರೂ ಪಂಚಮಿ ಹಬ್ಬಕ್ಕೆ ಅವಳ ಅತ್ತೆ ಮನೆಯವರು ಅವಳನ್ನು ತವರಿಗೆ ಕಳಿಸಲಿಲ್ಲ. ಕರೆಯಲು ಹೋಗಿ ಒಬ್ಬರೇ ಮರಳುತ್ತಿದ್ದ ಅಪ್ಪ, "ಚಲೋ ಅದಾಳ" ಎನ್ನುವುದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಈ ಸಲವೂ ಅವಳು ಬರದಿದ್ದರೆ ಒಂದು ಕುಬಸವಾದರೂ ಮುಟ್ಟಲಿ ಎಂದು ಅವ್ವ, ರಜೆಗೆ ಬಂದಿದ್ದ ನನ್ನ ಕೈಗೆ ಖಣದ ಬಟ್ಟೆ ಕೊಟ್ಟು ಕಾಕಾನ ಅಂಗಡಿಗೆ ಕಳಿಸಿದಳು.

ಕಾಕಾ ಕೈಯಲ್ಲಿದ್ದ ಕೆಲಸ ಮುಗಿಸುವವರೆಗೆ ನಾನು ಚಿತ್ರ ನೋಡಿದೆ. ಹಿಂದಿನ ಶತಮಾನದ್ದು. ಗೆರೆ ಅಚ್ಚಿನದು, ಬಣ್ಣ ಕೈಯಿಂದ ತುಂಬಿದ್ದು. ಎಡತೋಳಿನ ಹತ್ತಿರ ನೀಲಿ ಬಣ್ಣ ಗೆರೆಯನ್ನು ದಾಟಿದೆ. ಅಂಗಿಯ ಒಂದೊಂದು ನೆರಿಗೆಗೂ ನೆರಳಿದೆ, ನೆಲದ ಮೇಲೆ ಹೆಂಗಸರ ನೆರಳಿಲ್ಲ. ಕುರ್ಚಿಯ ಮೇಲಿಟ್ಟ ಕೈಯಲ್ಲಿ ಭಾರವಿಲ್ಲ. ಇಬ್ಬರ ಹೆರಳು, ಕುತ್ತಿಗೆ, ಅಂಚಿನ ಕಸೂತಿ ಎಲ್ಲ ಒಂದೇ. ಅವರು ಇಬ್ಬರಲ್ಲ, ಒಬ್ಬಳೇ. ಹೊಲಿಯುವವರಿಗೆ ಅಂಗಿಯ ಎರಡೂ ಬದಿ ಕಾಣಲೆಂದು ಎರಡು ಸಲ ಬರೆದಿದ್ದಾರೆ.

ಅಕ್ಕನಿಗೆ ಹೇಳಲು, ಅವಳು ಅಲ್ಲೇ ಇದ್ದಾಳೇನೋ ಎಂಬಂತೆ ಪಕ್ಕಕ್ಕೆ ತಿರುಗಿಯೂ ಬಿಟ್ಟೆ.

"ಅಕ್ಕಗ ಹೊಲೀಬೇಕ್ರಿ ಕಾಕಾ. ಅಳತಿಗೆ ನಂದ ಕುಬಸ ತಂದೇನಿ."

ಕಾಕಾ ಅದನ್ನು ಬಿಡಿಸಿ ನೋಡಿದರು. "ಮೂರು ವರ್ಷಾತಲ್ಲವಾ. ಅಕಿ ಈಗ ಹೆಂಗದಾಳ? ದಪ್ಪ ಆಗ್ಯಾಳೋ, ಸೊರಗ್ಯಾಳೋ?"

ನನಗೆ ಗೊತ್ತಿರಲಿಲ್ಲ.

"ಇರಲಿ, ಒಳಗ ಎರಡ ಬಟ್ಟು ಅರಿವಿ ಬಿಡ್ತೇನಿ. ಬಿಗಿ ಆದ್ರ ಬಿಚ್ಚಿಕೊಳ್ಳಲಿ," ಎಂದರು.

ಆ ವರ್ಷವೂ ಅಪ್ಪ ಒಬ್ಬರೇ ಬಂದರು.

"ಕುಬಸ ಸರಿ ಆತೇನ್ರಿ?" ಅವ್ವ ಕೇಳಿದಳು.

"ತೊಟ್ಟು ನೋಡಲಿಲ್ಲ. 'ತಂಗಿ ಅಳತೀದೇನಪ್ಪಾ' ಅಂದ್ಲು. ಮಾರಿಗೆ ಒತ್ತಿ ಹಿಡಕೊಂಡು ನಿಂತ್ಲು."

ಅವ್ವ ಒಳಗೆ ಹೋದಳು. ರಜೆ ಮುಗಿದ ದಿನ ನಾನು ಧಾರವಾಡಕ್ಕೆ ಮರಳಲು ಹುಬ್ಬಳ್ಳಿಯ ಬಸ್ಸು ಹತ್ತಲಿಲ್ಲ. ಹಾವೇರಿಯ ಬಸ್ಸಿನಲ್ಲಿ ಕುಳಿತು, ಅಲ್ಲಿಂದ ಹಿರೇಕೆರೂರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಕಂಡಕ್ಟರನ್ನು ಕೇಳಿದೆ.