ಬಲತೋಳಿಗೆ ತೆನೆ, ಎಡತೋಳು ಬೋಳು

ನಮ್ಮ ಮನೆ ಮಸ್ಕಿಯಲ್ಲಿ. ಮುಂದಿನ ಖೋಲಿಯಲ್ಲಿ ಮಗನ ಹಿಟ್ಟಿನ ಗಿರಣಿ, ಪಕ್ಕದ ಖೋಲಿಯಲ್ಲಿ ಸೊಸೆಯ ಕಸೂತಿ ಮಷಿನು. ಅದು ಹಳೆಯ ಮಷಿನು. ಸೂಜಿ ಇದೆ, ದಾರ ಇದೆ, ಬುದ್ಧಿ ಇಲ್ಲ. ಕಂಪ್ಯೂಟರಿನಿಂದ ತಂತಿ ಹಾಕಿದರೆ ಮಾತ್ರ ಎಲ್ಲಿ ಚುಚ್ಚಬೇಕು ಎಂದು ತಿಳಿಯುತ್ತದೆ. ನಾನು ಹಿಂದೆ ಹಳೆ ಸೀರೆಗಳ ಕೌದಿ ಹೊದಿಕೆಗೆ ಹಾಕುತ್ತಿದ್ದ ಜೋಳದ ತೆನೆಯನ್ನು ಕಡಪಾ ಕಲ್ಲಿನ ಮೇಲೆ ಬಳಪದಿಂದ ಬರೆದು ತೋರಿಸಿದ್ದೆ. ಸೊಸೆ ಒಂದು ಬೇಸಿಗೆಯೆಲ್ಲ ಕೂತು ಅದನ್ನು ಕಂಪ್ಯೂಟರಿನೊಳಗೆ ಇಳಿಸಿದಳು. ಆಮೇಲೆ ಸೀರೆಗೆ ಜಂಪರ್ ಹೊಲಿಸುವವರೆಲ್ಲ ಅದನ್ನೇ ಕೇಳತೊಡಗಿದರು. ಅದರ ಇನ್ನೊಂದು ಪ್ರತಿ ಬೇರೆ ಎಲ್ಲಾದರೂ ಇರಲಿ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಹಟ್ಟಿಯ ಒಬ್ಬ ಹೆಣ್ಣುಮಗಳು ತನ್ನ ಮಗಳ ಮದುವೆಗೆ ಜಂಪರ್ ಕೊಟ್ಟಿದ್ದಳು. ಗಂಡನಿಗೆ ಅಲ್ಲಿಯ ಚಿನ್ನದ ಗಣಿಯಲ್ಲಿ ಕೆಲಸ, ನಾದಿನಿಯರು ಬಹಳ ಮಂದಿ. ಮದುಮಗಳ ಜಂಪರ್ ಹಿಡಿಸಿದರೆ ಅವರೆಲ್ಲರದೂ ನಮಗೇ ಬರುತ್ತದೆ, ಇಲ್ಲದಿದ್ದರೆ ಲಿಂಗಸೂಗೂರಿನ ಹೊಸ ಕಸೂತಿ ಅಂಗಡಿಗೆ ಹೋಗುತ್ತದೆ. ಬಲತೋಳಿಗೆ ತೆನೆ ಬಿದ್ದಿತ್ತು. ಎಡತೋಳು ಬಾಕಿ ಇತ್ತು. ಅಷ್ಟರಲ್ಲಿ ಅಮಾವಾಸ್ಯೆ ಬಂತು.

ನಮ್ಮಲ್ಲಿ ಅಮಾವಾಸ್ಯೆಗೆ ಯಾವ ಮಷಿನೂ ತಿರುಗುವುದಿಲ್ಲ. ಗಿರಣಿ ನಿಲ್ಲಿಸಿ, ಕರೆಂಟಿನ ಮೇನ್ ಇಳಿಸಿ, ಒರೆಸಿ, ವಿಭೂತಿ ಬಳಿದು ಕಾಯಿ ಒಡೆಯುತ್ತೇವೆ. ಉಸಿರಾಡುವ ಮಷಿನಿಗೆ ಪೂಜೆ ಇಲ್ಲ. ಮಗನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇತ್ತ ಸೊಸೆಯ ಲೆಕ್ಕವೇ ಬೇರೆ. ಹಳೆಯದು ಇನ್ನು ನಡೆಯುವುದಿಲ್ಲ, ಹೊಸ ವರ್ಷನ್ ಹಾಕಿಕೋ ಎಂದು ಕಂಪ್ಯೂಟರು ದಿನಾ ಪೀಡಿಸುತ್ತಿತ್ತಂತೆ. ಹೇಗೂ ಅಮಾವಾಸ್ಯೆ, ಕೆಲಸವಿಲ್ಲ, ಇವತ್ತೇ ಆಗಲಿ ಎಂದು ಅದನ್ನು ಹಚ್ಚಿಟ್ಟು ನೀರಿಗೆ ಹೋದಳು. ಅದು ಅರ್ಧಕ್ಕೆ ಬಂದಿರಬೇಕು, ಮಗ ಮೇನ್ ಇಳಿಸಿದ.

ಕಾಯಿ ಚೆನ್ನಾಗಿಯೇ ಒಡೆಯಿತು. ಕಂಪ್ಯೂಟರು ಏಳಲಿಲ್ಲ. ನೀಲಿ ಪರದೆ ಬರುತ್ತದೆ, ಏನೋ ಇಂಗ್ಲಿಷಿನಲ್ಲಿ ಹೇಳುತ್ತದೆ, ಕಪ್ಪಾಗುತ್ತದೆ, ಮತ್ತೆ ನೀಲಿ. ಮಧ್ಯಾಹ್ನದ ತನಕ ಅದೇ ಆಟ.

"ಒಂದ ಮಾತ ಕೇಳಿ ಇಳಿಸಬಾರ್ದಾಗಿತ್ತೇನ್ರಿ?" ಎಂದಳು ಸೊಸೆ.

"ಅಮಾಸಿ ದಿನ ಮಷಿನ್ ಹಚ್ಚಿದಾಕಿ ನೀ, ಕೇಳಬೇಕಾದಾಂವ ನಾನಾ?" ಎಂದ ಮಗ.

ಇಬ್ಬರೂ ನನ್ನ ಕಡೆ ನೋಡಿದರು. ನಾನೇನು ಪಂಚಾಯಿತಿ ಕಟ್ಟೆಯೇ?

"ಅತ್ತಿ, ಎಡತೋಳಿಗೆ ನೀವ ಕೈಲೆ ಹಾಕ್ರಿ" ಎಂದಳು.

"ನನ್ನ ಹೊಲಿಗಿ ಕೌದೀದು. ಆ ಹುಡುಗಿ ಒಂದ ತೋಳಿಗೆ ಜಂಪರ್, ಇನ್ನೊಂದ ತೋಳಿಗೆ ಕೌದಿ ಹಾಕ್ಕೊಂಡು ಮಂಟಪದಾಗ ಕುಂದರ್ತಾಳೇನು?"

ಮರುದಿನ ನಾನೂ ಸೊಸೆಯೂ ಬಸ್ಸಿನಲ್ಲಿ ಲಿಂಗಸೂಗೂರಿಗೆ ಹೊರಟೆವು. ಕಂಪ್ಯೂಟರಿನ ಡಬ್ಬಿ ನನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದು, "ಏನಬೇ ಅದು, ಅದಕ್ಕೂ ಟಿಕೀಟ್ ತಗೋ" ಎಂದ. "ಇದು ಸೊಸಿ ದುಡಿಮಿ. ನನ್ನ ತೊಡಿ ಮ್ಯಾಲ ಕುಂತೈತಿ, ನಿನ್ನ ಸೀಟ ಕೇಳಿಲ್ಲ" ಎಂದೆ. ನಗುತ್ತ ಮುಂದೆ ಹೋದ.

ಅಲ್ಲಿಯ ಕಂಪ್ಯೂಟರ್ ರಿಪೇರಿ ಅಂಗಡಿಯವನು ಡಬ್ಬಿಗೆ ತಂತಿ ಚುಚ್ಚಿ ನೋಡಿದ. ಅದೇ ನೀಲಿ, ಅದೇ ಕಪ್ಪು. ಏನೇನೋ ಒತ್ತಿದ. ಹಿಂದಿನ ವರ್ಷನ್‌ಗೆ ವಾಪಸು ಹೋಗುತ್ತದೇನೋ ಎಂದು ನೋಡಿದ, ಹೋಗಲಿಲ್ಲ.

"ಫಾರ್ಮ್ಯಾಟ್ ಹೊಡಿಬೇಕ್ರಿ. ಡಬ್ಬಿ ಬಿಟ್ಟು ಹೋಗ್ರಿ, ನಾಳಿ ಬರ್ರಿ."

"ಹೊಡದ್ರ ಒಳಗಿಂದು ಏನಾಗತೈತಿ, ತಮ್ಮಾ?"

"ಪುರಾ ಕ್ಲೀನ್ ಆಗತೈತ್ರಿ."

"ನನ್ನ ತೆನಿ?"

ಅವನಿಗೆ ಅರ್ಥವಾಗಲಿಲ್ಲ. ಸೊಸೆ ಬಿಡಿಸಿ ಹೇಳಿದಳು. "ಅದೂ ಹೋಗತೈತ್ರಿ. ಮತ್ತ ಮಾಡ್ಕೋರಿ, ಅದೇನ್ ದೊಡ್ಡದು" ಎಂದ.

ಮತ್ತೆ ಮಾಡಿಕೊಳ್ಳಬೇಕಂತೆ. ಒಂದು ಬೇಸಿಗೆ ಇವನ ಅಂಗಡಿಯಲ್ಲಿ ಸಿಗುತ್ತದೆಯೇ? ಗಿರಣಿಗೆ ಜೋಳ ತಂದ ಯಾವ ಹೆಂಗಸೂ ಡಬ್ಬಿ ಇಟ್ಟು ಮನೆಗೆ ಹೋಗುವುದಿಲ್ಲ. ಹೋದರೆ ಇವಳ ಬಿಳಿ ಜೋಳದ ಹಿಟ್ಟಿನಲ್ಲಿ ಇನ್ನೊಬ್ಬಳ ಸಜ್ಜೆ ಬೆರೆಯುತ್ತದೆ. ತನ್ನ ಹಿಟ್ಟು ತನ್ನ ಡಬ್ಬಿಗೆ ಬೀಳುವ ತನಕ ಅಲ್ಲೇ ಕೂರಬೇಕು. ನಾನು ಡಬ್ಬಿ ಎತ್ತಿಕೊಂಡೆ.

ಅದರ ಮರುದಿನ ಸಿಂಧನೂರು. ನನ್ನ ಮೊಣಕಾಲು ಆಗಲೇ ಬೈಯತೊಡಗಿತ್ತು. ಬಸ್ಸಿನಲ್ಲಿ ಸೊಸೆ ಕಾಲುವೆ ಕಡೆಯ ಭತ್ತದ ಗದ್ದೆ ನೋಡುತ್ತ ಕೂತಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಶೇಂಗಾ ಕೊಟ್ಟೆ, ತಿಂದಳು.

ಸಿಂಧನೂರಿನವನು ಮೊದಲು ಡಬ್ಬಿಯ ಬೆನ್ನು ಬಿಚ್ಚಿದ. ಒಳಗಿನ ಫ್ಯಾನಿನ ತುಂಬ ಗಿರಣಿಯ ಹಿಟ್ಟು.

"ಯಮ್ಮಾ, ಇದ್ರಾಗ ರೊಟ್ಟಿ ಬಡಿಬೋದು!"

"ಬಡಿಯೂಣಂತ. ಮೊದ್ಲ ತೆನಿ ತಗಿ."

"ಇಟ್ಟು ಹೋಗ್ರಿ, ಸಂಜಿಗೆ..."

"ನಾ ಏಳಂಗಿಲ್ಲ. ನಿನ್ನ ಸ್ಟೂಲ್ ಏನೂ ಸವದ ಹೋಗಂಗಿಲ್ಲ."

ಅವನು ಕೈಯಗಲದ ಒಂದು ಪೆಟ್ಟಿಗೆಯನ್ನು ಬಿಚ್ಚಿ ತೆಗೆದ. ಬರೆದಿಟ್ಟದ್ದೆಲ್ಲ ಇರುವುದು ಇದರಲ್ಲಿ, ಕೆಟ್ಟಿರುವುದು ಅದನ್ನು ಎಬ್ಬಿಸುವ ಭಾಗ ಮಾತ್ರ ಎಂದ. ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ಬಹಳ ಹೊತ್ತು ಏನೂ ಬರಲಿಲ್ಲ. ತಂತಿ ತೆಗೆದು ಒರೆಸಿ ಮತ್ತೆ ಹಾಕಿದ. ಸೊಸೆ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

"ಬಂತ್ರಿ ಅತ್ತಿ" ಎಂದಳು ಕೊನೆಗೆ.

ಪರದೆಯ ಮೇಲೆ ನನ್ನ ತೆನೆ. ಎರಡನೇ ಎಲೆ ನಾನು ಬರೆದ ಹಾಗೆಯೇ ಸೊಟ್ಟಗಿತ್ತು. ಪೆನ್ ಡ್ರೈವಿಗೆ ಹಾಕಿಸಿ ಸೊಸೆಯ ಕೈಗೆ ಕೊಡಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಬಿಟ್ಟೆ.

ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಅವನು ಹೊಸ ವರ್ಷನ್ನನ್ನೇ ಸರಿಯಾಗಿ ಹಾಕಿದ, ಕಂಪ್ಯೂಟರು ಎದ್ದಿತು. ಆದರೆ ನಮ್ಮ ಮಷಿನಿನ ಸಾಫ್ಟ್‌ವೇರ್ ಅದರಲ್ಲಿ ತೆರೆಯಲೇ ಇಲ್ಲ. ಮಷಿನು ಹಳೆಯದು, ಅದಕ್ಕೆ ಹಳೆಯದೇ ಬೇಕಂತೆ. ಅದನ್ನೆಲ್ಲ ಅಳಿಸಿ ಮತ್ತೆ ಹಳೆಯ ವರ್ಷನ್ ಹಾಕಿದ. ಇದಕ್ಕೆ ಏನೆನ್ನಬೇಕು? ಎರಡು ಊರು ತಿರುಗಿ, ಮೊಣಕಾಲು ಕೆಡಿಸಿಕೊಂಡು ಬಂದದ್ದು ಹೊರಟಲ್ಲಿಗೇ. ದಾರಿಯುದ್ದಕ್ಕೂ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಆ ಸಿಟ್ಟು ಇನ್ನೂ ಇದೆ.

ಮನೆಗೆ ಬಂದು ಸೊಸೆ ತಂತಿ ಹಾಕಿದಳು. ಮಷಿನು ಎಡತೋಳಿನ ಮೇಲೆ ಟಕಟಕ ಎಂದು ಶುರು ಮಾಡಿತು. ಗಿರಣಿಯಿಂದ ಮಗ ಬಾಗಿಲಿಗೆ ಬಂದು ನಿಂತ.

"ಮೇನ್ ಮುಟ್ಟಬ್ಯಾಡ್ರಿ" ಎಂದಳು ತಲೆ ಎತ್ತದೆ.

"ನಾ ಚಾ ಕೇಳಾಕ ಬಂದೀನಿ" ಎಂದ.

ಹಟ್ಟಿಯವಳು ಹೇಳಿದ ದಿನ ಬಂದಿದ್ದಳು, ಜಂಪರ್ ಆಗಿರಲಿಲ್ಲ. ಬೈದು ಹೋಗಿ ಮತ್ತೆ ಬಂದಳು. ಎರಡೂ ತೋಳು ಜೋಡಿಸಿ ಬೆಳಕಿಗೆ ಹಿಡಿದಳು, ತಿರುವಿ ಹಾಕಿ ಒಳಗಿನ ದಾರ ನೋಡಿದಳು. ತಪ್ಪು ಸಿಗಲಿಲ್ಲ. ಚೀಲದಿಂದ ನಾದಿನಿಯರ ಬಟ್ಟೆ ತೆಗೆದು ಮಷಿನಿನ ಮೇಲಿಟ್ಟಳು. ಸುಮ್ಮನೆ ಹೋಗಬಹುದಿತ್ತು, ಹೋಗಲಿಲ್ಲ.

"ಇಷ್ಟ್ಯಾಕ ತಡಾ ಆತು?"

"ಅಮಾಸಿ ಬಂದಿತ್ತಲ್ರಿ" ಎಂದಳು ಸೊಸೆ.

"ಅಮಾಸಿ ಒಂದ ದಿನ ಅಲ್ಲೇನು?"

"ಈ ಸಲದ್ದು ಲಿಂಗಸೂಗೂರಿಗೆ ಹೋಗಿ, ಸಿಂಧನೂರಿಗೆ ಹೋಗಿ, ತಿರಿಗಿ ಬಂದೈತವ್ವಾ" ಎಂದೆ ನಾನು. "ನನ್ನ ತೊಡಿ ಮ್ಯಾಲ ಕುಂತು."